ಹೊಸ ಕಥನವೂ ಭಾಷಾಂತರವೂ: ಗಡಿಸೀಮೆಯ ಓದುಗನ ದೃಷ್ಟಿಯಿಂದ

೨೦೨೫ರ ಮೇ ೨೦ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಿತವಾದಾಗ ಕನ್ನಡ ನಾಡೆಲ್ಲ ಸಂತೋಷಪಟ್ಟಿತು. ಸಂತೋಷಕ್ಕೆ ತಕ್ಕ ಕಾರಣವೂ ಇದ್ದಿತು. ಕನ್ನಡ ಕೃತಿಯೊಂದಕ್ಕೆ ಆ ಮನ್ನಣೆ ದೊರೆತದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ದೊರೆತದ್ದೂ ಅದೇ ಮೊದಲು. ಐವತ್ತು ಸಾವಿರ ಪೌಂಡುಗಳ ಬಹುಮಾನವನ್ನು ಮೂಲ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಸಮನಾಗಿ ಹಂಚುವುದು ಆ ಪ್ರಶಸ್ತಿಯ ನಿಯಮ. ಭಾಷಾಂತರಕಾರನೆಂದರೆ ಮೂಲ ಗ್ರಂಥಕರ್ತನ ಹಿಂದೆ ಕೈಕಟ್ಟಿ ನಿಲ್ಲುವ ಗುಮಾಸ್ತನೆಂಬ ಭಾವನೆ ಬಲವಾಗಿರುವ ನಾಡಿನಲ್ಲಿ ಈ ಒಂದು ನಿಯಮವೇ ವಿಚಾರಕ್ಕೆ ಎಡೆಗೊಡಬೇಕಾಗಿತ್ತು.

ಆದರೆ ಆದದ್ದು ಬೇರೆ. ಆ ಕಥೆಗಳು ೧೯೯೦ರಿಂದ ೨೦೨೩ರವರೆಗಿನ ಅವಧಿಯಲ್ಲಿ ಕನ್ನಡದಲ್ಲಿ ಬರೆಯಲ್ಪಟ್ಟವು. ಕನ್ನಡದಲ್ಲಿಯೇ ಪುಸ್ತಕಗಳಾಗಿ ಬಂದಂಥವು. ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ ಕಾಸರವಳ್ಳಿಯವರು ೨೦೦೪ರಲ್ಲಿ ‘ಹಸೀನಾ’ ಎಂಬ ಚಿತ್ರವಾಗಿಸಿದ್ದರು. ಮೂರು ದಶಕಗಳಿಂದ ಮನೆಯೊಳಗೇ ಉರಿಯುತ್ತಿದ್ದ ದೀಪವು ಪರದೇಶದ ಬಾಗಿಲಲ್ಲಿ ಹೊಳೆದ ಮೇಲೆಯೇ ಹಲವರ ಕಣ್ಣಿಗೆ ಬಿದ್ದಿತೆಂಬುದು ಅಭಿಮಾನಪಡುವ ಸಂಗತಿಯೇನಲ್ಲ. ಅದೇ ವರ್ಷದ ಮೈಸೂರು ದಸರೆಯನ್ನು ಉದ್ಘಾಟಿಸಲು ಆ ಲೇಖಕಿಯನ್ನು ಕರೆದಾಗ ನಾಡಿನಲ್ಲಿ ದೊಡ್ಡ ವಾದವೆದ್ದು, ಅದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಅಲ್ಲಿ ತಿರಸ್ಕೃತವಾಯಿತು. ಆ ವಾದದ ಗದ್ದಲದಲ್ಲಿ ಕಥೆಗಳ ಮಾತನ್ನು ಎತ್ತಿದವರು ವಿರಳ. ಹೊಗಳಿದವರು ಪ್ರಶಸ್ತಿಯನ್ನು ಹೊಗಳಿದರು; ತೆಗಳಿದವರು ಹೆಸರನ್ನು ತೆಗಳಿದರು. ಪುಸ್ತಕವನ್ನು ತೆರೆಯುವ ಶ್ರಮವನ್ನು ಎರಡು ಪಕ್ಷದವರೂ ಬಹುಮಟ್ಟಿಗೆ ಉಳಿಸಿಕೊಂಡರು.

ಭೀಮಾನದಿಯ ದಂಡೆಯ ಅಗರಖೇಡದಂಥ ಗ್ರಾಮದ ವಿದ್ಯಾರ್ಥಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚು ಹತ್ತಿರದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಈ ಸೀಮೆಯು ಹೊಸ ಕಥನಕ್ರಮಕ್ಕಾಗಲಿ ಭಾಷಾಂತರಕ್ಕಾಗಲಿ ಹೊರಗಿನದಲ್ಲ. ಅವೆರಡರಲ್ಲಿಯೂ ಇದಕ್ಕೆ ಹಳೆಯ ಹಕ್ಕಿದೆ. ಆ ಹಕ್ಕಿನ ಕಾಗದಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಕಳೆದುಕೊಂಡಂಥ ಸ್ಥಿತಿ ಮಾತ್ರ ಇಂದಿನದು.

ನವೀನ ಪ್ರಯೋಗಗಳ ಕಥೆ, ಕಾದಂಬರಿಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು ಎರಡು. ಅವು ತಿಳಿಯುವುದಿಲ್ಲವೆಂಬುದು ಒಂದು. ಪರದೇಶದ ಅನುಕರಣೆಯೆಂಬುದು ಇನ್ನೊಂದು. ಕಥೆಯು ಮೊದಲಿನಿಂದ ಕೊನೆಗೆ ನೇರವಾಗಿ ಸಾಗಬೇಕು, ಹೇಳುವವನು ಯಾರೆಂಬುದು ಖಚಿತವಿರಬೇಕು, ಕೊನೆಗೊಂದು ನೀತಿ ಇರಬೇಕು ಎಂಬ ನಿರೀಕ್ಷೆಯೇ ಈ ಆಕ್ಷೇಪಗಳ ತಳಹದಿ. ಈ ನಿರೀಕ್ಷೆ ಎಲ್ಲಿಂದ ಬಂದಿತೆಂದು ನೋಡಹೋದರೆ ಅದರ ಬಹುಪಾಲು ಹತ್ತೊಂಬತ್ತನೆಯ ಶತಮಾನದ ಶಾಲಾ ಪಠ್ಯಪುಸ್ತಕಗಳಿಂದ ಬಂದದ್ದು. ವಚನ ವಾಙ್ಮಯದಿಂದ ಬಂದದ್ದಂತೂ ಅಲ್ಲ.

‘ಶೂನ್ಯಸಂಪಾದನೆ’ಯ ರಚನೆಯನ್ನು ತುಸು ನಿಧಾನವಾಗಿ ಪರಿಶೀಲಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಬೇರೆ ಬೇರೆ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು ಎತ್ತಿಕೊಂಡು, ಅವುಗಳ ನಡುವೆ ಕಿರಿದಾದ ಗದ್ಯದ ಬೆಸುಗೆ ಹಾಕಿ, ಒಬ್ಬರಿಗೊಬ್ಬರು ಎದುರು ನಿಂತು ಸಂವಾದಿಸುವಂತೆ ಹೊಂದಿಸಿದರು. ಅಲ್ಲಮಪ್ರಭುಗಳು ಮುಕ್ತಾಯಕ್ಕನನ್ನು ಕಾಣುತ್ತಾರೆ, ಸಿದ್ಧರಾಮನನ್ನು ಕಾಣುತ್ತಾರೆ, ಕಲ್ಯಾಣಕ್ಕೆ ಬರುತ್ತಾರೆ, ಗೋರಕ್ಷನನ್ನು ಎದುರಿಸುತ್ತಾರೆ. ಮಾತುಗಳೆಲ್ಲ ಮೊದಲೇ ಇದ್ದವು, ಕಥನವು ಹೊಸದು. ಇಷ್ಟಕ್ಕೇ ಮುಗಿಯಲಿಲ್ಲ. ಹಲಗೆಯ ದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಅದನ್ನೇ ಕಳಚಿ ಮತ್ತೆ ಕಟ್ಟಿದರು. ವಚನಗಳು ಸ್ಥಾನ ಬದಲಿಸಿದವು, ಹೊಸ ಪ್ರಸಂಗಗಳು ಸೇರಿದವು. ಹೀಗೆ ಒಂದೇ ಕೃತಿಗೆ ನಾಲ್ಕು ರೂಪಗಳು, ನಾಲ್ಕೂ ಪ್ರಮಾಣವೇ.

ಅರ್ಜೆಂಟೀನದ ಹೂಲಿಯೊ ಕೊರ್ತಾಸರ್ ೧೯೬೩ರಲ್ಲಿ, ಅಧ್ಯಾಯಗಳನ್ನು ಓದುಗನು ಎರಡು ಕ್ರಮಗಳಲ್ಲಿ ಓದಬಹುದಾದ ಕಾದಂಬರಿಯೊಂದನ್ನು ಪ್ರಕಟಿಸಿದಾಗ ಅದನ್ನು ಕ್ರಾಂತಿಕಾರಕ ಪ್ರಯೋಗವೆಂದು ಪಾಶ್ಚಾತ್ಯ ವಿಮರ್ಶಕರು ಕೊಂಡಾಡಿದರು. ಆ ಕೃತಿಯ ಸತ್ವವನ್ನು ಅಲ್ಲಗಳೆಯಬೇಕಾಗಿಲ್ಲ. ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಅಗ್ಗದ ಹೆಮ್ಮೆಯೂ ಬೇಡ. ಕೊರ್ತಾಸರನಿಗೆ ಇದ್ದ ಉದ್ದೇಶ ಬೇರೆ, ಮಹಾದೇವಯ್ಯನವರಿಗಿದ್ದ ಉದ್ದೇಶ ಬೇರೆ. ಆದರೆ ‘ಶೂನ್ಯಸಂಪಾದನೆ’ಯನ್ನು ಕೇಳಿ ಬೆಳೆದ ಕಿವಿಗೆ ಒಡೆದ ಕಥನ, ಬಹುಕಂಠದ ಕಥನ, ಕೊನೆಯಿಲ್ಲದ ಕಥನ ಅಪರಿಚಿತವಾಗಲು ಕಾರಣವಿಲ್ಲ. ಬೆಡಗಿನ ವಚನಗಳ ವಿಷಯದಲ್ಲಿಯೂ ಇದೇ ಮಾತು. ಬೆಡಗಿನ ವಚನವನ್ನು ಮಠದ ಪ್ರವಚನದಲ್ಲಿ ಕೇಳಿದ ಹಳ್ಳಿಯ ರೈತನು ಅದು ತಿಳಿಯಲಿಲ್ಲವೆಂದು ಎದ್ದುಹೋಗುವುದಿಲ್ಲ. ಮುಂದಿನ ಸೋಮವಾರ ಮತ್ತೆ ಬಂದು ಕೂಡುತ್ತಾನೆ. ಅದೇ ಸಹನೆಯು ಒಂದು ಹೊಸ ಕಾದಂಬರಿಗೆ ಏಕೆ ಸಲ್ಲಬಾರದು?

ದೇವನೂರ ಮಹಾದೇವರ ‘ಕುಸುಮಬಾಲೆ’ಯು ಈ ಸಹನೆಯನ್ನು ಪರೀಕ್ಷಿಸಿದ ಕೃತಿ. ನಂಜನಗೂಡು ಸೀಮೆಯ ದಲಿತರ ಆಡುಮಾತಿನಲ್ಲಿ ಹುಟ್ಟಿದ ಈ ಕಿರು ಕಾದಂಬರಿಯಲ್ಲಿ ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಗಳ ಸುದ್ದಿ ಹೇಳಿಕೊಳ್ಳುತ್ತವೆ. ಗದ್ಯವು ಎಲ್ಲಿ ಮುಗಿದು ಪದ್ಯವು ಎಲ್ಲಿ ಆರಂಭವಾಗುವುದೆಂದು ಗೆರೆ ಎಳೆಯಲಾಗದು. ಇದನ್ನು ಕನ್ನಡಕ್ಕೆ ಅನುವಾದಿಸಬೇಕು ಎಂಬ ವಿನೋದದ ಮಾತು ಬಹುಕಾಲ ಪ್ರಚಾರದಲ್ಲಿತ್ತು. ವಿನೋದವೇ ಆದರೂ ಅದರ ಒಳಗೊಂದು ಮುಳ್ಳಿದೆ. ಕನ್ನಡವೆಂದರೆ ಯಾವುದು? ಪತ್ರಿಕೆಯ ಕನ್ನಡವೋ, ಆಕಾಶವಾಣಿಯ ಕನ್ನಡವೋ, ಪಠ್ಯಪುಸ್ತಕ ಸಮಿತಿಯವರು ಒಪ್ಪಿದ ಕನ್ನಡವೋ? ೧೯೯೦ರಲ್ಲಿ ಆ ಕೃತಿಗೆ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದವು ಬಂದದ್ದು ೨೦೧೫ರಲ್ಲಿ. ಭಾಷಾಂತರಕ್ಕೆ ಕಾಲು ಶತಮಾನ ಕಾಯಬೇಕಾದ ಕೃತಿಯು ಭಾಷಾಂತರದ ಕಾಠಿಣ್ಯಕ್ಕೆ ತಾನೇ ಸಾಕ್ಷಿ.

ಬಿಜಾಪುರ ಸೀಮೆಯ ವಿದ್ಯಾರ್ಥಿಗೆ ‘ಕುಸುಮಬಾಲೆ’ಯ ಮಾತು ಕಷ್ಟವಾಗುವುದು ನಿಜ. ಆದರೆ ಅವನು ಅನ್ಯಾಯದ ಮಾತನ್ನಾಡುವ ಮೊದಲು ಒಂದು ವಿಷಯವನ್ನು ಗಮನಿಸಬೇಕು. ತನ್ನ ಮನೆಯ ಮಾತು ಪಠ್ಯಪುಸ್ತಕದಲ್ಲಿ ಎಷ್ಟು ಇದೆ? ‘ಬಂದಾನ’, ‘ಹೋಗ್ಯಾಳ’ ಎಂದು ಮನೆಯಲ್ಲಿ ಆಡುವ ಹುಡುಗನು ಉತ್ತರಪತ್ರಿಕೆಯಲ್ಲಿ ಹಾಗೆ ಬರೆದರೆ ಕೆಂಪು ಗೆರೆ ಬೀಳುತ್ತದೆ. ಶಿಷ್ಟಭಾಷೆಯನ್ನು ಕಲಿಸುವುದು ಶಾಲೆಯ ಧರ್ಮವೇ ಸರಿ. ಅದರ ಬಗ್ಗೆ ವಿವಾದವಿಲ್ಲ. ಮನೆಯ ಮಾತು ತಪ್ಪು ಮಾತೆಂದು ಕಲಿಸುವುದು ಮಾತ್ರ ಶಾಲೆಯ ಧರ್ಮವಲ್ಲ. ಹತ್ತು ವರ್ಷ ಹಾಗೆ ಕಲಿತ ಹುಡುಗನು ನಂಜನಗೂಡಿನವರ ಮಾತನ್ನಷ್ಟೇ ಅಲ್ಲ, ಹಂತಿಯ ಪದ ಹಾಡುವ ತನ್ನ ಅಜ್ಜನ ಮಾತನ್ನೂ ‘ಅಶುದ್ಧ’ವೆಂದೇ ಕೇಳುತ್ತಾನೆ. ಹೊಸ ಕಥನವು ಬಹುಮಟ್ಟಿಗೆ ಈ ‘ಅಶುದ್ಧ’ದ ಕಡೆಗೇ ವಾಲಿದೆ. ಆದ್ದರಿಂದ ಹುಡುಗನಿಗೂ ಕೃತಿಗೂ ನಡುವೆ ಬಿದ್ದಿರುವ ಕಂದಕವು ಪರದೇಶದ ಅನುಕರಣೆಯಿಂದ ಬಿದ್ದದ್ದಲ್ಲ, ಕೆಂಪು ಶಾಯಿಯಿಂದ ಬಿದ್ದದ್ದು.

ಎಳ್ಳಮಾವಾಸ್ಯೆಯ ದಿನ ಬಿಳಿಜೋಳದ ಹೊಲದಲ್ಲಿ ‘ಚರಗ ಚೆಲ್ಲುವ’ ವಾಡಿಕೆಯನ್ನು ಉದಾಹರಣೆಗಾಗಿ ನೋಡಬಹುದು. ಈ ಎರಡು ಪದಗಳು ಬೆಂಗಳೂರಿನ ಓದುಗನಿಗೇ ವಿವರಣೆ ಬೇಡುತ್ತವೆ. ಭೂಮಿತಾಯಿಗೆ ನೈವೇದ್ಯ ಅರ್ಪಿಸುವುದು ಎಂದು ಬರೆದರೆ ಅರ್ಥವೇನೋ ಬಂದಿತು; ಎತ್ತಿನ ಬಂಡಿ, ಸಜ್ಜೆಯ ಕಡಬು, ಹೊಲದ ನಡುವೆ ಸಾಲಾಗಿ ಕುಳಿತು ಉಣ್ಣುವ ಬಂಧುಬಳಗ, ಹಿಂಗಾರು ಬೆಳೆ ಕೈಹತ್ತೀತೋ ಇಲ್ಲವೋ ಎಂಬ ಅಂಜಿಕೆ, ಇವೆಲ್ಲ ಹೊಲದಲ್ಲಿಯೇ ಉಳಿದವು. ಕನ್ನಡದಿಂದ ಕನ್ನಡಕ್ಕೇ ಇಷ್ಟು ನಷ್ಟವಾಗುವಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಏನಾದೀತೆಂಬುದನ್ನು ಊಹಿಸಬಹುದು.

ಭಾಷಾಂತರದ ಮೂಲಸಮಸ್ಯೆ ಇದೇ. ವಚನಗಳ ಅಂಕಿತದಲ್ಲಿ ಅದು ಎದ್ದು ಕಾಣುವಷ್ಟು ಮತ್ತೆಲ್ಲಿಯೂ ಕಾಣುವುದಿಲ್ಲ. ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಗ್ರಂಥದ ಮೂಲಕ ವಚನಗಳನ್ನು ಜಗತ್ತಿನ ಮುಂದಿಟ್ಟರು. ಆ ಪುಸ್ತಕದಿಂದ ವಚನಕಾರರಿಗೆ ದೊರೆತ ಓದುಗರ ಸಂಖ್ಯೆ ಅಲ್ಪವಲ್ಲ. ಆ ಇಂಗ್ಲಿಷು ತೆಳುವಾದ, ಚೊಕ್ಕವಾದ, ಕಾವ್ಯಗುಣವುಳ್ಳ ಇಂಗ್ಲಿಷು. ಅಲ್ಲಿ ಅವರು ಅಂಕಿತಗಳನ್ನು ಹಾಗೆಯೇ ಬಿಡದೆ ಅರ್ಥ ಬಿಡಿಸಿ ಕೊಟ್ಟರು. ಕೂಡಲಸಂಗಮದೇವನು ಕೂಡುವ ಹೊಳೆಗಳ ಒಡೆಯನಾದನು, ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿನ ಒಡೆಯನಾದನು, ಗುಹೇಶ್ವರನು ಗವಿಗಳ ಒಡೆಯನಾದನು. ಕನ್ನಡ ತಿಳಿಯದವನಿಗೆ ಕೂಡಲಸಂಗಮವೆಂಬುದು ಬರಿಯ ನಾದ. ಅರ್ಥವನ್ನಾದರೂ ಮುಟ್ಟಿಸೋಣವೆಂಬ ಅವರ ತರ್ಕವನ್ನು ತಳ್ಳಿಹಾಕುವಂತಿಲ್ಲ.

ಆದರೆ ಈ ಸೀಮೆಯವರಿಗೆ ಕೂಡಲಸಂಗಮವೆಂಬುದು ಕಲ್ಪನೆಯೂ ಅಲ್ಲ, ರೂಪಕವೂ ಅಲ್ಲ. ಅದು ಬಸ್ಸಿನ ಫಲಕದ ಮೇಲೆ ಬರೆದಿರುವ ಊರು. ೧೯೯೭ರವರೆಗೆ ಅಖಂಡ ಬಿಜಾಪುರ ಜಿಲ್ಲೆಯಲ್ಲಿದ್ದು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ, ಕೃಷ್ಣೆ ಮಲಪ್ರಭೆಗಳು ಕೂಡುವ ಊರು. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಮಂಟಪ ಮುಳುಗದಿರಲೆಂದು ಸುತ್ತಲೂ ಗೋಡೆ ಕಟ್ಟಿದ್ದಾರೆ. ಭಕ್ತರು ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ದರ್ಶನ ಪಡೆಯುತ್ತಾರೆ. ಹೊಳೆಗಳು ಕೂಡುವ ಅರ್ಥವೂ ಆ ಹೆಸರಿನಲ್ಲಿದೆ. ಮೆಟ್ಟಿಲುಗಳ ತಂಪೂ ಆ ಹೆಸರಿನಲ್ಲಿದೆ. ಅರ್ಥವನ್ನು ಮಾತ್ರ ಎತ್ತಿಕೊಂಡಾಗ ಊರು ಹಿಂದೆ ಉಳಿಯಿತು. ದೇವರು ಯಾವ ದೇಶದವನೂ ಆಗಬಲ್ಲವನಾದನು. ಬಸವಣ್ಣನವರ ದೇವನು ಮಾತ್ರ ಒಂದು ನಿರ್ದಿಷ್ಟ ಜಲಸಂಗಮದಲ್ಲಿದ್ದವನು.

೧೯೯೨ರಲ್ಲಿ ತೇಜಸ್ವಿನಿ ನಿರಂಜನ ಅವರು ರಾಮಾನುಜನ್ನರ ಅನುವಾದವನ್ನು ತೀಕ್ಷ್ಣವಾಗಿ ವಿಮರ್ಶಿಸಿದರು. ಪಾಶ್ಚಾತ್ಯ ಕಾವ್ಯಾಭಿರುಚಿಗೂ ಕ್ರೈಸ್ತ ಭಕ್ತಿಯ ಪರಿಭಾಷೆಗೂ ಹೊಂದುವಂತೆ ವಚನದ ಮೈಯನ್ನು ತೀಡಲಾಗಿದೆ ಎಂಬುದು ಅವರ ವಾದದ ಸಾರ. ಆ ವಿಮರ್ಶೆಯು ಕೆಲವೆಡೆ ಅತಿಯಾಯಿತೆಂದು ರಾಮಾನುಜನ್ನರ ಅಭಿಮಾನಿಗಳಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ವಿಮರ್ಶಿಸಿದವರೇ ಮುಂದೆ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಇಂಗ್ಲಿಷಿಗೆ ತಂದು, ೨೦೧೮ರ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿಯನ್ನು ಮೂಲ ಲೇಖಕರೊಡನೆ ಹಂಚಿಕೊಂಡರು. ಇತರರ ಭಾಷಾಂತರದಲ್ಲಿ ದೋಷ ಕಂಡವರು ತಾವೇ ಭಾಷಾಂತರಕ್ಕಿಳಿಯುವುದು ಶ್ಲಾಘ್ಯವಾದ ಕ್ರಮ. ನಾಡಿನ ವಿಮರ್ಶಕರಲ್ಲಿ ಈ ರೂಢಿ ಇನ್ನಷ್ಟು ಬೆಳೆಯಬೇಕಾಗಿದೆ.

ದೀಪಾ ಭಾಸ್ತಿಯವರು ಹಿಡಿದ ದಾರಿಯೇ ಬೇರೆ. ‘ಹಾರ್ಟ್ ಲ್ಯಾಂಪ್’ನಲ್ಲಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಅವರು ಹಾಗೆಯೇ ಉಳಿಸಿದರು. ಅವುಗಳನ್ನು ಓರೆ ಅಕ್ಷರಗಳಲ್ಲಿ ಮುದ್ರಿಸಿ ಪರಕೀಯವೆಂದು ಬೆರಳು ತೋರಿಸಲಿಲ್ಲ. ಅಡಿಟಿಪ್ಪಣಿಗಳ ಊರುಗೋಲನ್ನೂ ಕೊಡಲಿಲ್ಲ. ಇಂಗ್ಲಿಷು ಕನ್ನಡದ ಉಚ್ಚಾರದಲ್ಲಿ ಮಾತಾಡಲಿ ಎಂಬುದು ಅವರ ನಿಲುವು. ಪರದೇಶದ ಓದುಗನು ಕೆಲವು ಕಡೆ ಎಡವಿದರೆ ಎಡವಲಿ. ಕನ್ನಡದ ಓದುಗರು ಇಂಗ್ಲಿಷ್ ಕಾದಂಬರಿಗಳಲ್ಲಿ ತಾವೆಂದೂ ಕಾಣದ ಹೂಗಳ, ತಾವೆಂದೂ ಉಣ್ಣದ ತಿನಿಸುಗಳ ಹೆಸರುಗಳನ್ನು ಎಡವುತ್ತಲೇ ಅಲ್ಲವೇ ದಾಟಿ ಬಂದದ್ದು? ರಾಮಾನುಜನ್ನರ ಕಾಲಕ್ಕೆ ಈ ಧೈರ್ಯ ಸಾಧ್ಯವಿತ್ತೋ ಇಲ್ಲವೋ ಹೇಳುವುದು ಕಷ್ಟ. ಅವರು ಬಾಗಿಲು ತೆರೆದದ್ದರಿಂದಲೇ ಇವರು ಚಪ್ಪಲಿ ಕಳೆಯದೆ ಒಳಗೆ ಹೋಗಲು ಸಾಧ್ಯವಾಯಿತೆಂದು ವಾದಿಸುವವರೂ ಇರಬಹುದು. ಹಾಗಿದ್ದರೂ ಇಬ್ಬರ ನಡುವೆ ಆಯ್ಕೆ ಮಾಡಬೇಕಾದಲ್ಲಿ, ಊರನ್ನು ಉಳಿಸುವ ಭಾಷಾಂತರವೇ ಮೇಲು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಈ ಚರ್ಚೆಗೆ ಸೊಗಸಾದ ಒಂದು ತಿರುವನ್ನು ಕೊಡುತ್ತದೆ. ೨೦೧೩ರಲ್ಲಿ ಕನ್ನಡದಲ್ಲಿ ಬಂದು, ೨೦೧೫ರಲ್ಲಿ ಶ್ರೀನಾಥ ಪೆರೂರರಿಂದ ಇಂಗ್ಲಿಷಿಗೆ ಹೋದ ಆ ಕಿರು ಕಾದಂಬರಿಯ ಶೀರ್ಷಿಕೆಯು ಯಾವ ನಿಘಂಟಿನಲ್ಲಿಯೂ ಇಲ್ಲ. ಬಿಡಿಸಲಾರದ ಸಿಕ್ಕಿಗೆ ಕಥಾನಾಯಕನ ಹೆಂಡತಿಯ ತವರಿನವರು ತಮ್ಮೊಳಗೇ ಕಟ್ಟಿಕೊಂಡ ಮಾತದು. ಕನ್ನಡಿಗನಿಗೂ ಅರ್ಥವಾಗದ ಪದವನ್ನು ಅನುವಾದಕನು ಏನೆಂದು ಅನುವಾದಿಸಬೇಕು? ಅವನು ಅದನ್ನು ಹಾಗೆಯೇ ಬಿಟ್ಟನು. ಮೈಸೂರಿನ ಓದುಗನೂ ನ್ಯೂಯಾರ್ಕಿನ ಓದುಗನೂ ಆ ಒಂದು ಪದದ ಮುಂದೆ ಸಮಾನರಾಗಿ ನಿಲ್ಲುತ್ತಾರೆ.

ಇನ್ನು ಈ ಸೀಮೆಯ ಹಕ್ಕಿನ ವಿಷಯ. ಧಾರವಾಡದಲ್ಲಿ ಹುಟ್ಟಿ ಬಿಜಾಪುರದಲ್ಲಿ ವಕೀಲಿ ನಡೆಸಿದ ಫ. ಗು. ಹಳಕಟ್ಟಿಯವರು ಮನೆಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಳೆಯೋಲೆಗಳನ್ನು ಬಿಡಿಸಿ, ಓದಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ಬಂದವು. ಇದೆಲ್ಲವೂ ಸುವಿದಿತ. ಆದರೆ ‘ವಚನಶಾಸ್ತ್ರಸಾರ’ಕ್ಕೂ ಮೊದಲು, ೧೯೨೨ರಲ್ಲಿಯೇ, ಅವರು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ್ದರೆಂಬುದನ್ನು ಅವರ ಜಯಂತಿಯ ಭಾಷಣಗಳು ಹೇಳುವುದು ಅಪರೂಪ. ಕನ್ನಡಿಗರೇ ಇನ್ನೂ ಅಚ್ಚಿನಲ್ಲಿ ಸರಿಯಾಗಿ ಕಾಣದ ವಚನಗಳು ಪರಭಾಷೆಗೆ ಹೊರಟಿದ್ದವು! ಹಳಕಟ್ಟಿಯವರಿಗೆ ಸಂಪಾದನೆಯೂ ಭಾಷಾಂತರವೂ ಎರಡು ಕಾರ್ಯಗಳಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಹಲಸಂಗಿಯ ಗೆಳೆಯರು ಮಾಡಿದ್ದು ಇನ್ನೊಂದು ಬಗೆಯ ಭಾಷಾಂತರ. ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು, ಚಡಚಣದ ಸಿಂಪಿ ಲಿಂಗಣ್ಣನವರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಅಕ್ಷರಕ್ಕೆ ತಂದರು. ೧೯೩೧ರಲ್ಲಿ ‘ಗರತಿಯ ಹಾಡು’ ಬಂದಿತು. ನಾಲಗೆಯಿಂದ ಕಾಗದಕ್ಕೆ ಬರುವಾಗಲೂ ಆಯ್ಕೆಗಳು ಎದುರಾಗುತ್ತವೆ: ಹಾಡುವವಳ ಉಚ್ಚಾರವನ್ನು ತಿದ್ದಬೇಕೇ, ಹಾಗೆಯೇ ಇಡಬೇಕೇ? ಬೀಸುಕಲ್ಲಿನ ಲಯವನ್ನು ಅಚ್ಚಿನ ಸಾಲು ಹೇಗೆ ಹಿಡಿಯಬೇಕು? ಶಿಷ್ಟರು ಗ್ರಾಮ್ಯವೆಂದು ಮೂಗುಮುರಿಯುತ್ತಿದ್ದ ಕಾಲದಲ್ಲಿ ಆ ತರುಣರು ಗರತಿಯರ ಮಾತನ್ನು ಗರತಿಯರ ಮಾತಾಗಿಯೇ ಮುದ್ರಿಸಿದರು. ಓರೆ ಅಕ್ಷರವನ್ನು ಒಲ್ಲೆನೆಂದ ಅನುವಾದಕಿಯ ಹಠಕ್ಕೂ ಹಲಸಂಗಿಯ ಹಠಕ್ಕೂ ಗೋತ್ರ ಒಂದೇ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ‘ಶೂನ್ಯಸಂಪಾದನೆ’ಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಮುಂದೆ ಬೆಂಗಳೂರಿನ ಬಸವ ಸಮಿತಿಯು ಎರಡೂವರೆ ಸಾವಿರ ವಚನಗಳನ್ನು ಭಾರತದ ಅನೇಕ ಭಾಷೆಗಳಿಗೆ ಒಯ್ಯುವ ಯೋಜನೆಯನ್ನು ಕೈಗೊಂಡಾಗ ಅದರ ಪ್ರಧಾನ ಸಂಪಾದಕರಾಗಿದ್ದವರು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಜನಿಸಿದ ಡಾ. ಎಂ. ಎಂ. ಕಲಬುರ್ಗಿಯವರು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಅವರ ಸಂಶೋಧನೆಯ ಕೆಲವು ನಿರ್ಣಯಗಳು ಸ್ವಸಮಾಜದವರಿಗೇ ಹಿಡಿಸಿರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಒಪ್ಪದ ಮಾತನ್ನು ಕೇಳುವ ಸಂಸ್ಕಾರವು ಅನುಭವಮಂಟಪದ ವಾರಸುದಾರರೆನ್ನಿಸಿಕೊಳ್ಳುವವರಲ್ಲಿ ಎಷ್ಟು ಉಳಿದಿದೆ ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ. ಭಾಷಾಂತರದ ಪ್ರಶ್ನೆಗೂ ಅದಕ್ಕೂ ದೂರವಿಲ್ಲ.

ಏಕೆಂದರೆ ಇದುವರೆಗಿನ ಮಾತೆಲ್ಲ ಕನ್ನಡದಿಂದ ಹೊರಗೆ ಹೋಗುವ ಭಾಷಾಂತರದ್ದು. ಒಳಗೆ ಬರುವ ಭಾಷಾಂತರದ ಬಗ್ಗೆ ಸಂಭ್ರಮಿಸುವವರಿಲ್ಲ, ಸನ್ಮಾನಿಸುವವರೂ ಕಡಿಮೆ. ಎ. ಎನ್. ಪ್ರಸನ್ನ ಅವರು ಮಾರ್ಕ್ವೆಜನ ‘ಒಂದು ನೂರು ವರ್ಷಗಳ ಏಕಾಂತ’ವನ್ನು ಕನ್ನಡಕ್ಕೆ ತಂದರು; ಎಸ್. ದಿವಾಕರ್ ಅವರು ಜಗತ್ತಿನ ಹಲವು ದೇಶಗಳ ಕಥೆಗಾರರನ್ನು ಕನ್ನಡದಲ್ಲಿ ಮಾತನಾಡಿಸಿದರು. ಪರದೇಶದ ಸಾಹಿತ್ಯವು ಸಾಮಾನ್ಯವಾಗಿ ಇಂಗ್ಲಿಷಿನ ಸೇತುವೆಯ ಮೇಲಿಂದ ನಡೆದು ಕನ್ನಡಕ್ಕೆ ಬರುತ್ತದೆ. ಎರಡು ಸಲ ತೊಳೆದ ಬಟ್ಟೆಯ ಬಣ್ಣ ತುಸು ಮಾಸುವುದು ಅನಿವಾರ್ಯ. ಮರಾಠಿಯಿಂದ ಬರುವ ಸಾಹಿತ್ಯಕ್ಕೆ ಆ ಸೇತುವೆ ಬೇಕಾಗಿಲ್ಲ. ಭಾಲಚಂದ್ರ ನೇಮಾಡೆಯವರು ೧೯೬೩ರಲ್ಲಿ ಬರೆದು ಮರಾಠಿ ಕಾದಂಬರಿಯ ದಿಕ್ಕನ್ನೇ ತಿರುಗಿಸಿದ ‘ಕೋಸಲಾ’ವನ್ನು ವಾಮನ ಬೇಂದ್ರೆಯವರು ನೇರವಾಗಿ ಮರಾಠಿಯಿಂದಲೇ ಕನ್ನಡಿಸಿದರು, ಚಂದ್ರಕಾಂತ ಪೋಕಳೆಯವರು ತಂದ ಮರಾಠಿ ಕೃತಿಗಳಂತೂ ಬಹುಸಂಖ್ಯೆಯವು.

ಭೀಮೆಯ ಈಚೆಯ ದಂಡೆಗೆ ಈ ನೇರ ದಾರಿ ಸಹಜವಾಗಿಯೇ ತೆರೆದಿದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಆ ಮಕ್ಕಳ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುವುದು ಪುಣೆಯ ಬಾಲಭಾರತಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ತಹಸೀಲ ಕಚೇರಿಯಿಂದ ಬಂದ ಮರಾಠಿ ಕಾಗದವನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳುವ ಆಚೆ ದಂಡೆಯ ಹುಡುಗಿಯು ಯಾವ ಅಕಾದೆಮಿಯ ಕಮ್ಮಟಕ್ಕೂ ಹೋಗದೆ ಭಾಷಾಂತರದ ಅರ್ಧ ವಿದ್ಯೆಯನ್ನು ಕಲಿತವಳು. ಈಚೆಯ ದಂಡೆಯಲ್ಲಿಯೂ ಸೊಲ್ಲಾಪುರದ ಪೇಟೆ, ದವಾಖಾನೆ, ಬೀಗತನಗಳ ಬಳಕೆಯಿಂದ ಮರಾಠಿ ತಿಳಿದ ಮನೆಗಳು ಬೇಕಾದಷ್ಟಿವೆ. ಈ ದ್ವಿಭಾಷಾ ಸಂಪತ್ತನ್ನು ಯಾವ ಶಾಲೆಯೂ ವಿದ್ಯೆಯೆಂದು ಪರಿಗಣಿಸಿಲ್ಲ. ವಾರಕ್ಕೊಂದು ತಾಸು ಮರಾಠಿಯ ಒಂದು ಪುಟವನ್ನು ಕನ್ನಡಕ್ಕೆ ತಿರುಗಿಸುವ ಅಭ್ಯಾಸವನ್ನು ಪ್ರೌಢಶಾಲೆಯಲ್ಲಿ ಇಟ್ಟರೆ ಅದಕ್ಕೆ ಖರ್ಚು ಇಲ್ಲ, ಸರಕಾರದ ಅನುಮತಿಯೂ ಬೇಕಾಗಲಾರದು.

ಯಾವ ಪುಟವನ್ನು ಆರಿಸಬೇಕೆಂಬುದು ಮಾತ್ರ ಸುಲಭದ ಪ್ರಶ್ನೆಯಲ್ಲ. ಅಕ್ಕಲಕೋಟೆ ತಾಲ್ಲೂಕಿನ ಹನ್ನೂರು ಅಗರಖೇಡಕ್ಕೆ ಬಹು ದೂರದ ಊರಲ್ಲ. ಆ ಊರಿನ ಶರಣಕುಮಾರ ಲಿಂಬಾಳೆಯ್ಯವರ ಆತ್ಮಕಥನ ‘ಅಕ್ಕರಮಾಶಿ’ ೧೯೮೪ರಲ್ಲಿ ಮರಾಠಿಯಲ್ಲಿ ಪ್ರಕಟವಾಯಿತು, ೨೦೦೩ರಲ್ಲಿ ಇಂಗ್ಲಿಷಿಗೆ ಹೋಯಿತು, ಕನ್ನಡಕ್ಕೂ ಬಂದಿದೆ. ಹಿಂದುಮುಂದಾಗುವ ನೆನಪುಗಳು, ತುಂಡು ತುಂಡಾದ ಪ್ರಸಂಗಗಳು, ಅನ್ನದ ಬಗ್ಗೆ ಪುಟಗಟ್ಟಲೆ ಮಾತು. ಆತ್ಮಕಥೆಯೆಂದರೆ ಹುಟ್ಟಿನಿಂದ ಕೀರ್ತಿಯವರೆಗಿನ ಏಣಿಯೆಂಬ ಕಲ್ಪನೆಯನ್ನು ಅದು ಮುರಿದುಹಾಕಿತು. ಅದರ ಲೇಖಕರ ತಾಯಿ ಅಸ್ಪೃಶ್ಯರೆನ್ನಿಸಿದ ಮಹಾರ ಜಾತಿಯವರು. ತಂದೆ ಲಿಂಗಾಯತ ಪಾಟೀಲ ಮನೆತನದವರು. ಮಗನಿಗೆ ತಂದೆಯ ಮನೆಯಲ್ಲಿ ಎಡೆಯಿಲ್ಲ, ತಾಯಿಯ ಕೇರಿಯಲ್ಲಿ ಪೂರ್ಣ ಒಪ್ಪಿಗೆಯಿಲ್ಲ. ಅವರನ್ನು ಮೊಮ್ಮಗನೆಂದು ಎತ್ತಿ ಆಡಿಸಿದವರು ಅಜ್ಜಿಯೊಡನೆ ಬಾಳಿದ ಒಬ್ಬ ಮುಸಲ್ಮಾನ ವೃದ್ಧರು.

ಬಸವಣ್ಣನವರ ಹೆಸರಿನಲ್ಲಿ ಪಾಠ ಹೇಳುವ ಸಂಸ್ಥೆಯ ಗ್ರಂಥಾಲಯಕ್ಕೆ ಈ ಪುಸ್ತಕ ಇಂಪಾಗಿ ಕೇಳಿಸದು. ಇಷ್ಟಲಿಂಗ ಧರಿಸಿದ ಮನೆಯೊಂದು ತನ್ನ ರಕ್ತವನ್ನೇ ಹೊರಗಿಟ್ಟ ವೃತ್ತಾಂತವನ್ನು ಓದುವಾಗ ಮಧುವರಸ ಹರಳಯ್ಯರ ಮಕ್ಕಳ ವಿವಾಹದ ಪ್ರಸಂಗವು ಓದುಗನ ಮನಸ್ಸಿನ ಹಿನ್ನೆಲೆಯಲ್ಲಿ ನಿಂತೇ ಇರುತ್ತದೆ. ಎಂಟನೆಯ ತರಗತಿಯ ಬಾಲಕನ ಕೈಗೆ ಅದನ್ನು ಕೊಡಬೇಕೆಂದು ಯಾರೂ ಹೇಳಲಾರರು. ಅದರ ಕೆಲವು ಪ್ರಸಂಗಗಳು ಪ್ರೌಢರನ್ನೂ ಅಲುಗಿಸುವಂಥವು. ಆದರೆ ಅಧ್ಯಾಪಕರು ಅದನ್ನು ಓದಿರಬೇಕು, ಮೇಲಿನ ತರಗತಿಯವರಿಗೆ ಅದರ ಆಯ್ದ ಭಾಗಗಳನ್ನಾದರೂ ಓದಿ ಹೇಳಬೇಕು, ಮರಾಠಿ ಬಲ್ಲ ಹುಡುಗನು ಮೂಲದ ಒಂದು ಪುಟವನ್ನು ತೆಗೆದು ಕನ್ನಡದ ಪುಟದ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಊರಿನ ಗೌಡನನ್ನು ಕರೆಯುವ ಮಾತು, ಅನ್ನ ಬೇಡುವ ಮಾತು ಕನ್ನಡಕ್ಕೆ ಬಂದಾಗ ಮೆತ್ತಗಾಗಿವೆಯೋ, ಮೊದಲಿನಷ್ಟೇ ಮೊನಚಾಗಿವೆಯೋ ಎಂಬುದನ್ನು ಎರಡೂ ಭಾಷೆಯನ್ನು ಬಲ್ಲ ಈ ದಂಡೆಯ ಹುಡುಗನಿಗಿಂತ ಚೆನ್ನಾಗಿ ಪರೀಕ್ಷಿಸಬಲ್ಲ ಪಂಡಿತನು ಬೆಂಗಳೂರಿನಲ್ಲಿಯೂ ಸಿಕ್ಕಲಾರನು, ಲಂಡನ್ನಿನಲ್ಲಿಯೂ ಸಿಕ್ಕಲಾರನು.